ಗಿಡ ಬಾಡದ ಹಾಗೆ

“ನಿಮ್ಮ ಮಗಳು ಕ್ಲಾಸಲ್ಲಿ ಬಾಯೇ ಬಿಡ್ತಿಲ್ಲ” ಎಂದು ಟೀಚರ್ ಜೋಗುಳ ಹಾಡುವ ದನಿಯಲ್ಲಿ ಹೇಳಿದರು.

“ಮನೇಲೂ ತುಟಿ ಪಿಟಕ್ ಅನ್ನಲ್ಲ ಮಿಸ್. ನೀವೇ ಏನೋ ಅಂದು ಹೆದರಿಸಿರ್ತೀರ” ಎಂದು ಹುಡುಗಿಯ ತಾಯಿ ಅದಕ್ಕಿಂತ ಮೆತ್ತಗೆ, ಮುಗುಳ್ನಗುತ್ತಾ ಉತ್ತರಿಸಿದರು. ಆಕೆ ಬಸ್ ಕಂಡಕ್ಟರ್. ಡ್ಯೂಟಿಯ ನಡುವೆ ಓಡಿಬಂದಿದ್ದರಿಂದ ಚೀಲ ಇನ್ನೂ ಹೆಗಲಲ್ಲೇ ಇತ್ತು.

ಇಬ್ಬರ ನಡುವೆ ಮೇಜಿನ ಮೇಲೆ ಎರಡು ಮೊಬೈಲುಗಳು ಅಕ್ಕಪಕ್ಕ ಮಲಗಿದ್ದವು. ಎರಡರ ಪರದೆಯಲ್ಲೂ ಒಂದೊಂದು ಕುಂಡ, ಕುಂಡದಲ್ಲೊಂದು ಪುಟ್ಟ ಗಿಡ. ಟೀಚರುಗಳ ಮತ್ತು ತಂದೆತಾಯಿಗಳ ಮನಸ್ಸು ಚೆನ್ನಾಗಿರಲಿ ಎಂದು ಶಾಲೆಯವರು ಎಲ್ಲರ ಫೋನಿಗೂ ಹಾಕಿಸಿದ್ದ ಆ್ಯಪ್ ಅದು. ಹತ್ತಿರದಲ್ಲಿ ಯಾರ ದನಿ ಏರಿದರೂ ಆ್ಯಪಿನ ಲೆಕ್ಕದಲ್ಲಿ ಆ ಫೋನಿನವರ ಮನಸ್ಸು ಕೆಟ್ಟಿದೆ, ಎಲೆ ಜೋತುಬೀಳುತ್ತದೆ. ಯಾರೂ ಉಸಿರೆತ್ತದಿದ್ದರೆ ಮನಸ್ಸು ನೆಮ್ಮದಿಯಾಗಿದೆ, ಎಲೆ ಚಿಗುರುತ್ತದೆ. ಗಿಡ ಒಣಗಿಸಿಕೊಂಡವರು ಭಾನುವಾರ ಬೆಳಗ್ಗೆ ಶಾಲೆಗೆ ಬಂದು, ಹೆಡ್ ಮೇಡಂ ಎದುರು ಕಣ್ಣು ಮುಚ್ಚಿ ಕೂತು, ನೆಮ್ಮದಿಯಾಗಿರುವುದು ಹೇಗೆಂದು ಕಲಿಯಬೇಕಿತ್ತು. ಈ ನೆಮ್ಮದಿಯ ಭಯಕ್ಕೆ ಇಡೀ ಶಾಲೆ ಥರಥರ ನಡುಗುತ್ತಿತ್ತು.

ಟೀಚರ್ ಮಗ್ಗಿಯನ್ನು ಪಿಸುಮಾತಿನಲ್ಲಿ ಹೇಳಿಕೊಡಲು ಕಲಿತಿದ್ದರು. ಕಂಡಕ್ಟರಮ್ಮನ ಪಾಡು ಇನ್ನೂ ಕಷ್ಟ. “ಸ್ಟಾಪ್ ಬಂತು ಇಳೀರಿ” ಎಂದು ಕಿವಿಯಲ್ಲಿ ಗುಟ್ಟು ಹೇಳಿದಂತೆ ಹೇಳಿದರೆ ಯಾರಿಗೆ ಕೇಳಬೇಕು? ಅರ್ಧ ಬಸ್ಸು ಕೊನೆಯ ಸ್ಟಾಪಿನಲ್ಲೇ ಕಣ್ಣು ಬಿಡುತ್ತಿತ್ತು.

“ನಾನು ಹೆದರಿಸೋದಾ? ಅವಳಿಗೆ ಚಿನಕುರುಳಿ ಅಂತ ಹೆಸರಿಟ್ಟವಳೇ ನಾನು” ಎಂದರು ಟೀಚರ್. ಅದು ಸುಳ್ಳಲ್ಲ. ಎರಡು ಜಡೆಯ ಆ ಹುಡುಗಿ ಬಾಯಿ ತೆರೆದರೆ ಅರಳು ಹುರಿದ ಹಾಗೆ. ಈಗ ಹಾಜರಿ ಕೂಗಿದರೂ ಬರೀ ಕೈ ಎತ್ತುತ್ತಾಳೆ. ಟೀಚರ್ ದನಿ ಇನ್ನಷ್ಟು ತಗ್ಗಿಸಿದರು. “ಮನೇಲಿ ಏನಾದ್ರೂ ಜಗಳಗಿಗಳ…”

“ನಮ್ಮನೆ ವಿಷ್ಯಕ್ಕೆ ಬಂದ್ರೆ ಚೆನ್ನಾಗಿರಲ್ಲ” ಎಂದು ಕಂಡಕ್ಟರಮ್ಮ ಮಗುವಿಗೆ ಮುತ್ತು ಕೊಡುವವರಂತೆ ನುಡಿದರು.

“ನಿಮ್ಮಂಥ ಮೊಂಡು ತಾಯೀನ ನಾನು ನೋಡೇ ಇಲ್ಲ” ಎಂದು ಟೀಚರ್ ಜೇನಿನಂಥ ದನಿಯಲ್ಲಿ ಬೈದರು. ಎರಡೂ ಗಿಡಗಳು ಹಸಿರಾಗಿ ನಳನಳಿಸುತ್ತಿದ್ದವು.

ಆದರೆ ಇದು ಹೀಗೇ ಬಿಡುವ ವಿಷಯವಾಗಿರಲಿಲ್ಲ. ಟೀಚರ್ ಕುರ್ಚಿ ಮುಂದೆಳೆದುಕೊಂಡರು. “ನೋಡೀಮ್ಮಾ, ಮೊನ್ನೆ ಅವಳು ಆಟದ ಬಯಲಲ್ಲಿ ಬಿದ್ದು ಮಂಡಿ ಕಿತ್ತುಹೋಯ್ತು. ರಕ್ತ ಸುರೀತಾ ಇತ್ತು. ಅಮ್ಮಾ ಅನ್ನಲಿಲ್ಲ, ಅಯ್ಯೋ ಅನ್ನಲಿಲ್ಲ. ಎರಡು ಕೈಲೂ ಬಾಯಿ ಮುಚ್ಚಿಕೊಂಡು ಕೂತಿದ್ಲು. ನನಗೆ ಭಯ ಆಗ್ತಿದೆ.”

“ರಕ್ತ ಬಂತಾ? ಆಟ ಆಡ್ತಾ ತರಚಿದೆ ಅಂತ ಅಷ್ಟೇ ಹೇಳಿ ಕಳ್ಸಿದ್ರಲ್ಲ!” ಕಂಡಕ್ಟರಮ್ಮ ತುಂಬಿದ ಬಸ್ಸಿನ ಹಿಂಬಾಗಿಲಿಗೆ ಕೇಳುವಂತೆ ಕೂಗಿದರು.

“ಫೋನ್ ಮಾಡಿದ್ರೆ ನೀವು ಎತ್ತಬೇಕಲ್ಲ!” ಟೀಚರ್ ಮೇಜು ಗುದ್ದಿದರು.

ಎರಡೂ ಗಿಡಗಳ ಎಲೆಗಳು ಸರ್ರನೆ ಹಳದಿಯಾಗಿ ಜೋತುಬಿದ್ದವು. “ಉಸಿರು ಒಳಗೆ… ಉಸಿರು ಹೊರಗೆ… ನೀವೊಂದು ತಿಳಿಗೊಳ” ಎಂದಿತು ಒಂದು ಫೋನು. “ನೀವೊಂದು ತಿಳಿಗೊಳ” ಎಂದು ಇನ್ನೊಂದೂ ದನಿಗೂಡಿಸಿತು. ಇಬ್ಬರು ಹೆಂಗಸರೂ ಒಬ್ಬರನ್ನೊಬ್ಬರು ಕೆಕ್ಕರಿಸಿ ನೋಡುತ್ತಲೇ ಮೂಗರಳಿಸಿ ಉಸಿರೆಳೆದುಕೊಂಡರು.

ಹೊರಗೆ ಜಗಲಿಯ ಬೆಂಚಿನಲ್ಲಿ ಕೂರಿಸಿದ್ದ ಚಿನಕುರುಳಿ ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಓಡಿಬಂದಳು. ಅವಳು ಅಮ್ಮನ ಹತ್ತಿರ ಹೋಗಲಿಲ್ಲ. ನೆಟ್ಟಗೆ ಮೇಜಿಗೆ ಬಂದು, ಬಗ್ಗಿ, ಎರಡೂ ಗಿಡಗಳನ್ನು ನೋಡಿದಳು. ಅವಳ ಮುಖ ಸಣ್ಣದಾಯಿತು. ಬೆರಳ ತುದಿಯಿಂದ ಒಂದು ಪರದೆಯ ಎಲೆ ಸವರಿದಳು, ಆಮೇಲೆ ಇನ್ನೊಂದರದ್ದು.

“ಯಾಕೋ ಪುಟ್ಟಾ, ಏನಾಯ್ತು?” ಟೀಚರ್ ಕುರ್ಚಿಯಿಂದಿಳಿದು ಅವಳ ಮುಂದೆ ಮಂಡಿಯೂರಿದರು. “ಯಾರೂ ಬಯ್ಯಲ್ಲ. ಹೇಳು.”

ಹುಡುಗಿ ಫೋನುಗಳ ಕಡೆಗೊಮ್ಮೆ ಅನುಮಾನದಿಂದ ನೋಡಿ, ಟೀಚರ ಕಿವಿಗೆ ಬಾಯಿಟ್ಟಳು. ಬಹಳ ದಿನ ಬಳಸದ ದನಿ ಗೊಗ್ಗರಾಗಿತ್ತು. ಪಿಸುಮಾತಾದರೂ ಅಮ್ಮನಿಗೂ ಕೇಳಿಸಿತು.

“ನಾನು ವಟವಟ ಅಂದ್ರೆ ಅಮ್ಮನ ಗಿಡ ಸತ್ತುಹೋಗುತ್ತಂತೆ. ಅಮ್ಮನೇ ಹೇಳಿದ್ಲು. ನಿಮ್ಮ ಗಿಡಾನೂ ಸಾಯುತ್ತೆ ಅಂತ ನೀವೂ ಹೇಳಿದ್ರಲ್ಲ ಮಿಸ್.”

ಕಂಡಕ್ಟರಮ್ಮ ಹೆಗಲ ಚೀಲವನ್ನು ಎದೆಗವಚಿಕೊಂಡರು. ಅವರ ಕಣ್ಣು ತುಂಬಿ ಬಂತು. ಟೀಚರಿಗೆ ತಾನು ಹಾಗೆ ಅಂದ ದಿನ, ಆಗ ಇಡೀ ಕ್ಲಾಸು ನಕ್ಕದ್ದು, ಎಲ್ಲ ನೆನಪಾಯಿತು. ಮಂಡಿಯೂರಿದ್ದವರು ಹಾಗೇ ಉಳಿದರು. ಕೋಣೆಯಲ್ಲಿ ಫ್ಯಾನು ತಿರುಗುವ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

ಟಿಣ್ ಎಂದಿತು ಒಂದು ಫೋನು. ಹಿಂದೆಯೇ ಇನ್ನೊಂದು. ಬಾಡಿದ್ದ ಎಲೆಗಳು ಒಂದೊಂದಾಗಿ ತಲೆಯೆತ್ತಿದವು, ಎರಡೂ ಕುಂಡಗಳಲ್ಲಿ ಕೆಂಪನೆಯ ಹೂವೊಂದು ಅರಳಿತು. “ಅಭಿನಂದನೆಗಳು! ಈಗ ನಿಮ್ಮ ಮನಸ್ಸು ಪೂರ್ತಿ ನೆಮ್ಮದಿಯಾಗಿದೆ.”

ಚಿನಕುರುಳಿಯ ಮುಖವೂ ಅರಳಿತು. ಅಮ್ಮನನ್ನೂ ಟೀಚರನ್ನೂ ಸರದಿಯಂತೆ ನೋಡಿ, ದನಿ ಹೊರಡಿಸದೆ, ತುಟಿಯಷ್ಟೇ ಆಡಿಸಿ ಕೇಳಿದಳು: “ನೋಡಿದ್ರಾ?”