ಆ ಕಡೆಯವರು

ಆಸ್ಪತ್ರೆಯ ನೆಟ್‌ವರ್ಕ್ ಕೈಕೊಟ್ಟು ಗಂಟೆಯಾಗಿತ್ತು. ಸ್ಕ್ಯಾನ್ ಚಿತ್ರ ಬಾರದೆ ಅಲ್ಲೊಂದು ಆಪರೇಷನ್ ನಿಂತುಹೋಗಿತ್ತು. ಮೇಲಧಿಕಾರಿ ನೆಟ್‌ವರ್ಕ್ ಕಂಪನಿಯ ಕಂಟ್ರೋಲ್ ರೂಮಿಗೆ ಬಂದಾಗ ಷಡಕ್ಷರಿ ರೌಟರ್ ವಿಭಾಗದ ಮೇಜಿನ ಮುಂದೆ ಕುದಿಯುತ್ತ ಕೂತಿದ್ದ.

"ರೌಟರ್ ಸರಿಯಾಗಿದೆ ಮೇಡಂ. ತಪ್ಪು ಫೈಬರ್‌ನೋರ್ದು. ಹನ್ನೊಂದು ವರ್ಷದಿಂದ ಇದೇ ಗೋಳು."

"ಅವರಿಗೆ ಹೇಳಿದ್ರಾ?"

"ನಾಲ್ಕು ಸಲ ಫೋನ್ ಮಾಡ್ದೆ. ಎತ್ತಬೇಕಲ್ಲ."

ಐದನೇ ಸಲವೂ ಮಾಡಿದ. ಎದುರಿನ ಫೈಬರ್ ವಿಭಾಗದ ಮೇಜಿನ ಮೇಲೆ ಫೋನ್ ಹೊಡೆದುಕೊಳ್ಳತೊಡಗಿತು. ಕುರ್ಚಿ ಖಾಲಿಯಿತ್ತು.

"ಷಡಕ್ಷರಿ, ಎರಡೂ ವಿಭಾಗ ಸೇರಿಸಿ ಮೊನ್ನೆ ಸೋಮವಾರದಿಂದ ನಿಮ್ಮೊಬ್ಬರಿಗೇ ಕೊಟ್ಟಿದ್ದೀವಲ್ರೀ."

ಷಡಕ್ಷರಿ ಫೋನಿಟ್ಟು ಎದ್ದ. ಹೋಗಿ ಎದುರಿನ ಕುರ್ಚಿಯಲ್ಲಿ ಕೂತು, ಅಲ್ಲಿನ ಪರದೆಯನ್ನು ಶ್ರದ್ಧೆಯಿಂದ ನೋಡಿದ.

"ಫೈಬರ್ ಸರಿಯಾಗಿದೆ ಮೇಡಂ. ತಪ್ಪು ರೌಟರ್‌ನೋರ್ದೇ. ನೋಡಿ, ಸೀಟಲ್ಲೇ ಇಲ್ಲ."