ರಾಜವಂಶದ ರಿವರ್ಸ್

“ಹಿಂದೆ ನಿಂತು ಕೈ ತೋರಿಸೋಕೆ ಒಬ್ಬರು ಬೇಕಲ್ಲಮ್ಮ. ಕನ್ನಡೀಲಿ ಕಾಣೋ ಹಾಗೆ ಬಸ್ ಜೊತೆಗೇ ಹಿಂದಕ್ಕೆ ಸರೀತಾ ಹೋಗ್ಬೇಕು. ರೂಲ್ಸು ಅಂದ್ರೆ ರೂಲ್ಸು,” ಎಂದರು ಇನ್ಸ್‌ಪೆಕ್ಟರ್, ಡ್ರೈವರ್ ಸೀಟಿನ ಹಿಂದೆ ಕೂತು ಪೆನ್ನಿನ ಮುಚ್ಚಳ ತೆಗೆಯುತ್ತಾ.

ಸ್ಟೇರಿಂಗ್ ಹಿಡಿದಿದ್ದ ಹುಡುಗಿ ಹೆದರುತ್ತಲೇ ಕನ್ನಡಿಯತ್ತ ನೋಡಿದಳು. ಬಸ್ ಡ್ರೈವರ್ ಕೆಲಸದ ಪರೀಕ್ಷೆಗೆ ಕೂತಿದ್ದು ಇದು ಮೂರನೇ ಸಲ, ಇದೇ ಕೊನೆಯದೂ ಹೌದು. ಹಿಂದಿನ ಎರಡು ಸಲವೂ ರಿವರ್ಸಿನಲ್ಲೇ ಮುಗ್ಗರಿಸಿದ್ದಳು. ಕೈ ತೋರಿಸುತ್ತೇನೆ ಎಂದಿದ್ದ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರಿಗೆ ಅವರ ಸ್ಕೂಟರು ಅರ್ಧ ದಾರಿಯಲ್ಲಿ ಕೈ ಕೊಟ್ಟಿತ್ತು. ಮೈದಾನದಲ್ಲಿ ಉಳಿದವರೆಂದರೆ, ಮೊಮ್ಮಗಳು ಬಸ್ ಓಡಿಸುವುದನ್ನು ನೋಡಲೇಬೇಕೆಂದು ಹಟ ಹಿಡಿದು ಬಂದಿದ್ದ ಅಜ್ಜಿ ಒಬ್ಬರೇ.

“ನಾನಿದ್ದೀನಲ್ಲ,” ಎಂದರು ಅಜ್ಜಿ.

ಕೆಟ್ಟಿತು ಕೆಲಸ ಅಂದುಕೊಂಡಳು ಹುಡುಗಿ. ಅಜ್ಜಿ ಕೊನೆಯ ಮಹಾರಾಜರ ಮಗಳು. ಸಿಂಹಾಸನ ಹೋಯಿತು, ಅರಮನೆ ಹೋಯಿತು, ಈಗಿರುವುದು ಮೂರನೇ ಮಹಡಿಯ ಎರಡು ರೂಮಿನ ಬಾಡಿಗೆ ಮನೆ. ಉಳಿದದ್ದು ಒಂದು ನೇಮ ಮಾತ್ರ: ರಾಜವಂಶದವರು ಹಿಂದಕ್ಕೆ ಹೆಜ್ಜೆ ಇಡಬಾರದು, ಇಟ್ಟರೆ ರಾಜ್ಯ ಹೋಗುತ್ತದೆ. ರಾಜ್ಯ ಹೋಗಿ ಅರವತ್ತು ವರ್ಷವಾದರೂ ಅಜ್ಜಿ ಅದನ್ನು ಬಿಟ್ಟಿರಲಿಲ್ಲ. ಲಿಫ್ಟಿನಲ್ಲಿ ಯಾರಾದರೂ “ಸ್ವಲ್ಪ ಹಿಂದೆ ಸರೀರಿ” ಎಂದರೆ ಪೂರ್ತಿ ತಿರುಗಿ, ಎರಡು ಹೆಜ್ಜೆ ನಡೆದು, ಮತ್ತೆ ತಿರುಗಿ ನಿಲ್ಲುವರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ಮನೆಯವರು ಬೆನ್ನ ಹಿಂದೆ ನಗುತ್ತಿದ್ದರು.

“ಮಧ್ಯೆ ಮೂರು ಸಲ ನಿಲ್ಲಿಸಿದ್ರೆ ಫೇಲು. ಹೊರಡಮ್ಮ.”

ಬಸ್ಸು ಎರಡು ಸಾಲು ಕಂಬಗಳ ನಡುವೆ ಹಿಂದಕ್ಕೆ ಹೊರಟಿತು. ಕನ್ನಡಿಯಲ್ಲಿ ಅಜ್ಜಿ ನೆಟ್ಟಗೆ ನಿಂತು “ಬರ್ಲಿ, ಬರ್ಲಿ” ಎಂದು ಕೈ ಬೀಸುತ್ತಿದ್ದರು. ಬಸ್ಸು ಹತ್ತಿರವಾಯಿತು. ಇನ್ನೂ ಹತ್ತಿರವಾಯಿತು. ಅಜ್ಜಿ ಕದಲಲಿಲ್ಲ. ಹುಡುಗಿ ಬ್ರೇಕ್ ಒತ್ತಿದಳು.

“ಒಂದು,” ಎಂದರು ಇನ್ಸ್‌ಪೆಕ್ಟರ್.

“ಅಜ್ಜಿ, ಹಿಂದೆ ಸರೀರಿ.”

ಅಜ್ಜಿ ಸರಿದರು, ತಮ್ಮದೇ ರೀತಿಯಲ್ಲಿ. ತಿರುಗಿ, ಬೆನ್ನು ತೋರಿಸಿ ನಡೆದುಬಿಟ್ಟರು. ಕೈ ಕಾಣದೆ ಬಸ್ಸು ವಾಲಿ ಕಂಬದ ಹತ್ತಿರ ಹೋಯಿತು. ಮತ್ತೆ ಬ್ರೇಕ್.

“ಎರಡು.”

ಹುಡುಗಿ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. “ಇನ್ನೊಂದು ಸಲ ನಿಲ್ಸಿದ್ರೆ ಕೆಲಸ ಹೋಗುತ್ತೆ ಅಜ್ಜಿ.”

ಅಜ್ಜಿ ಇತ್ತ ತಿರುಗಿ ಅವಳ ಮುಖವನ್ನೇ ನೋಡಿದರು. ಆಮೇಲೆ ಚಪ್ಪಲಿ ಕಳಚಿ ಪಕ್ಕಕ್ಕಿಟ್ಟರು. “ರಾಜ್ಯ ಹೋಗಿದ್ದೇ ಸಾಕು. ಕೆಲಸ ಹೋಗೋದು ಬೇಡ. ತೆಗಿ ಗಾಡಿ.”

ಬಸ್ಸು ಕದಲಿತು. ಎಪ್ಪತ್ತೆಂಟು ವರ್ಷದ ಅಜ್ಜಿ ಬಲಗಾಲನ್ನು ಹಿಂದಕ್ಕೆ ಚಾಚಿ, ತಣ್ಣೀರಿನ ಆಳ ನೋಡುವವರಂತೆ ನೆಲ ತಡವಿ, ಊರಿದರು. ಆಮೇಲೆ ಎಡಗಾಲು. “ಬರ್ಲಿ.” ಇನ್ನೊಂದು ಹೆಜ್ಜೆ. “ಬರ್ಲಿ, ಬರ್ಲಿ, ಎಡಕ್ಕೆ ಎಡಕ್ಕೆ, ಹಾಂ, ನೆಟ್ಟಗೆ ಬರ್ಲಿ.” ದಿನಾ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರುಗಳ ಕೂಗು ಕೇಳಿ ಯಾವಾಗ ಕಲಿತಿದ್ದರೋ. ದನಿ ಏರುತ್ತಾ ಹೋಯಿತು, ಹೆಜ್ಜೆಯೂ ಚುರುಕಾಯಿತು. ಹುಡುಗಿಗೆ ಹೆದರಿಕೆ ಎಲ್ಲೋ ಮರೆತೇ ಹೋಗಿ ಕುಣಿಯುವಷ್ಟು ಖುಷಿಯಾಯಿತು. ಕಂಬಗಳು ಒಂದೊಂದಾಗಿ ಮುಂದಕ್ಕೆ ಸರಿದವು. ಹಿಂದಿನ ಚಕ್ರ ಬಿಳಿ ಗೆರೆ ದಾಟಿತು.

“ಪಾಸು,” ಎಂದು ಇನ್ಸ್‌ಪೆಕ್ಟರ್ ಗೀಚಿದರು.

ಅವಳು ಹಾರಿ ಇಳಿದು ಓಡಿದಳು. ಅಜ್ಜಿಯ ಬೆನ್ನು ಮೈದಾನದ ಕಾಂಪೌಂಡಿಗೆ ಒತ್ತಿಕೊಂಡಿತ್ತು. ಬರಿಗಾಲು, ಕೆಂಪೇರಿದ ಮುಖ. ಕೈ ಇನ್ನೂ ಬೀಸುತ್ತಲೇ ಇತ್ತು.

“ನನಗೋಸ್ಕರ ನೇಮ ಮುರಿದ್ರಲ್ಲ ಅಜ್ಜಿ.”

“ಗೋಡೆ ಅಡ್ಡ ಬಂತು ಕಣೇ,” ಎಂದರು ಅಜ್ಜಿ ಏದುಸಿರು ಬಿಡುತ್ತಾ. “ಇಲ್ದಿದ್ರೆ ಇನ್ನೂ ಹೋಗ್ತಿದ್ದೆ.”