ಸಾಸಿವೆಯಷ್ಟು ನೀಲಿ

ನಾಲಿಗೆ ಒಳಗೆಳೆದುಕೊಳ್ಳುವಷ್ಟರಲ್ಲಿ ನೀಲಿ ಹರಳು ಕರಗಿಹೋಗಿತ್ತು. ಕಲ್ಲು ಕಂಡರೆ ನೆಕ್ಕಿ, ರುಚಿಯಿಂದ ಗುರುತು ಹಿಡಿಯುವುದು ಆ ಖನಿಜತಜ್ಞನ ಹಳೇ ಚಾಳಿ. “ಅದೇನು ಲಾಲಿಪಾಪಾ?” ಎಂದು ಜೊತೆಗೇ ಕೆಲಸ ಮಾಡುವ ಅಕ್ಕ ಯಾವಾಗಲೂ ಬೈಯುತ್ತಿದ್ದಳು. ಜ್ವಾಲಾಮುಖಿಯ ಬಿಸಿ ಬಿರುಕಿಗೆ ಕೈ ಹಾಕಿ ಅವಳು ಕಿತ್ತು ತಂದದ್ದು ಸಾಸಿವೆ ಗಾತ್ರದ ಅದೊಂದೇ ಹರಳು.

ಅಕ್ಕ ಸೂಕ್ಷ್ಮದರ್ಶಕದ ದೀಪ ಹಾಕಿ, ಬ್ಯಾಂಡೇಜು ಸುತ್ತಿದ ಕೈ ಚಾಚಿದಳು. “ಕೊಡೋ, ಅಪರೂಪದ್ದು ಹೌದೋ ಅಲ್ವೋ ನೋಡೇಬಿಡೋಣ.”

ಅವನು ಹರಳಿಟ್ಟಿದ್ದ ಡಬ್ಬಿಯನ್ನು ಖಾಲಿಯೇ ಮುಚ್ಚಿ ಕೊಟ್ಟ. ಅವಳು ಮುಚ್ಚಳ ತೆಗೆದು ನೋಡಿ, ಗಾಬರಿಯಿಂದ ಮೇಜಿನ ಕೆಳಗೆ ಬಗ್ಗಿದಳು. “ಅಯ್ಯೋ, ಈ ಸುಟ್ಟ ಕೈಯಲ್ಲಿ ನಾನೇ ಎಲ್ಲೋ ಬೀಳಿಸಿಬಿಟ್ಟೆ ಕಣೋ. ಬೈಬೇಡ ಕಣೋ.”

ಅವನೂ ಮಂಡಿಯೂರಿ ಅವಳ ಪಕ್ಕದಲ್ಲೇ ಹುಡುಕತೊಡಗಿದ. ನಾಲಿಗೆಯ ಮೇಲೆ ಒಗರು ಇನ್ನೂ ಆರಿರಲಿಲ್ಲ.